ಒಂದು ಇಳಿಯ ಸಲುವಾಗಿ

ಒಂದಾನೊಂದು ಊರಿನ ನಟ್ಟನಡುವೆ ನೀರಿಲ್ಲದ ಒಂದು ನದಿ ಹರಿಯುತ್ತಿತ್ತು. ಅದರಲ್ಲಿ ಮೀನಿರಲಿಲ್ಲ, ಮೊಸಳೆ ಇರಲಿಲ್ಲ. ಆದರೂ ಅದರಲ್ಲಿ ಕಾಲಿಡುವವರು ಜೀವ ಕೈಯಲ್ಲಿ ಹಿಡಿದುಕೊಂಡೇ ಕಾಲಿಡಬೇಕಿತ್ತು. ಈ ದಡದಲ್ಲಿ ಒಬ್ಬಳು ಅಕ್ಕ, ಆ ದಡದಲ್ಲಿ ಅವಳ ತಂಗಿ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಆ ನದಿಯ ದಡಕ್ಕೆ ಒಬ್ಬ ಹುಡುಗಿ ಬಂದಳು. ಅವಳ ಬಳಿ ದೋಣಿ ಇರಲಿಲ್ಲ, ಮಂತ್ರದಂಡವೂ ಇರಲಿಲ್ಲ. 'ನಿಮ್ಮನ್ನು ನಾನು ದಾಟಿಸುವುದಿಲ್ಲ, ನೀವೇ ದಾಟುವ ಹಾಗೆ ಮಾಡುತ್ತೇನೆ' ಎಂದು ಅಕ್ಕನಿಗೆ ಮಾತು ಕೊಟ್ಟಳು. ಮಾತು ಕೊಟ್ಟವರ ಪಾಡು ಕಥೆಗಳಲ್ಲಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಕೂದಲು ನೆರೆಯುವವರೆಗೆ ಆ ಮಾತು ಅವಳನ್ನು ಬಿಡಲಿಲ್ಲ.

ಆ ನದಿ ನಮ್ಮ ಹಳೆಯ ಪೇಟೆಯ ದೊಡ್ಡ ರಸ್ತೆ. ಆ ಹುಡುಗಿ ನಗರ ಕಚೇರಿಯ ರಸ್ತೆ ವಿಭಾಗದಿಂದ ಈಗ ನಿವೃತ್ತರಾಗಿರುವ, ಕಚೇರಿಯಿಂದ ಹಿಡಿದು ಕಲ್ಲು ಕಡಿಯುವವರವರೆಗೆ ಎಲ್ಲರೂ 'ಇಳಿ ಮೇಡಂ' ಎಂದು ಕರೆಯುವ ಮಾನ್ಯ ಮುಖ್ಯ ಇಂಜಿನಿಯರು. ರಸ್ತೆಯೆಂದರೆ ಗಾಡಿಗಳ ಆಸ್ತಿ, ನಡೆಯುವವರು ಅದರ ಅಂಚಿಗೆ ಅಂಟಿಕೊಂಡ ಕಸ ಎಂದು ನಮ್ಮ ವೃತ್ತಿಯ ದೊಡ್ಡವರೇ ನಂಬಿಕೊಂಡಿದ್ದ ಕಾಲದಲ್ಲಿ, ನಡೆಯುವವರ ಕಡೆಯಿಂದ ರಸ್ತೆಯನ್ನು ನೋಡಲು ಕಲಿಸಿದ ಕೆಲವೇ ಹಿರಿಯರಲ್ಲಿ ಅವರು ಅಗ್ರಗಣ್ಯರು. ಇಂದು ಊರಿನ ಯಾವ ಕವಲುದಾರಿಯಲ್ಲಿ ನಿಂತರೂ ಅವರ ಕೈಗುರುತು ಕಾಣುತ್ತದೆ. ಆದರೆ ಆ ಕೈಗುರುತಿಗೆಲ್ಲ ಮೂಲ ಕನ್ನಡ ಕಾಗುಣಿತದ ಒಂದು ಚಿಕ್ಕ ಚಿಹ್ನೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿಯದು.

ಅವರು ಕೆಲಸಕ್ಕೆ ಸೇರಿದ ಹೊಸತು. ದೊಡ್ಡ ರಸ್ತೆಯನ್ನು ಅಗಲ ಮಾಡಿ, ಒಂದೇ ದಿಕ್ಕಿನ ಸಂಚಾರಕ್ಕೆ ಬಿಟ್ಟು, ಊರೆಲ್ಲ ಹೆಮ್ಮೆಪಟ್ಟುಕೊಂಡಿದ್ದ ದಿನಗಳು. ಪೇಟೆಗೆ ಮುಂಚಿನ ತಿರುವಿನಲ್ಲಿ ಗಾಡಿಗಳು ವೇಗ ತಗ್ಗಿಸಲೆಂದು ನೆಲದ ಮೇಲೆ ದೊಡ್ಡಕ್ಷರಗಳಲ್ಲಿ 'ಮುಂದೆ ನಿಧಾನ' ಎಂದು ಬರೆಸುವ ಕೆಲಸ ಅವರ ಪಾಲಿಗೆ ಬಂತು. ಇಂಥ ಬರಹಕ್ಕೆ ಒಂದೊಂದು ಅಕ್ಷರಕ್ಕೂ ಒಂದೊಂದು ತಗಡಿನ ಅಚ್ಚು. ಶಾಲೆಯಲ್ಲಿ 'ಧಕ್ಕೆ ಇಳಿ ಕೊಟ್ಟರೆ ಧಾ' ಎಂದು ಕಲಿಸುತ್ತಾರಲ್ಲ, ಆ ಇಳಿಗೂ ಬೇರೆಯದೇ ಒಂದು ತಗಡು. ಆ ದಿನ ಬಣ್ಣದವನು ಇಳಿಯ ತಗಡನ್ನು ಗಾಡಿಯಲ್ಲೇ ಮರೆತ. ಕಿರಿಯ ಇಂಜಿನಿಯರಮ್ಮನವರೋ, ಮೇಜಿನ ಮುಂದೆ ಕುಳಿತಲ್ಲೇ 'ಕೆಲಸ ಮುಗಿದಿದೆ' ಎಂಬ ಹಾಳೆಗೆ ಸಹಿ ಹಾಕಿದರು. ಮರುದಿನ ಬೆಳಿಗ್ಗೆ ಊರು ಎದ್ದು ನೋಡಿದರೆ, ರಸ್ತೆಯ ಮೇಲೆ ಬೆಳ್ಳಗೆ, ದಪ್ಪಗೆ, ಒಂದು ಗಾಡಿಯುದ್ದಕ್ಕೆ ಬರೆದಿತ್ತು: 'ಮುಂದೆ ನಿಧನ'.

ಗಾಡಿಗಳು ನಿಂತವು. ಓದಿದವರು ಇಳಿದು ಬಂದು ಮತ್ತೊಮ್ಮೆ ಓದಿದರು, ಹಿಂದಿನವರನ್ನು ಕರೆದು ಓದಿಸಿದರು. ಸರ್ಕಾರದ ಬೋರ್ಡು ಇಷ್ಟು ನಿಜ ಹೇಳಿದ್ದು ಇದೇ ಮೊದಲೆಂದು ಒಬ್ಬ ಟ್ಯಾಕ್ಸಿಯವನು ಕಿಟಕಿಯಿಂದ ತಲೆ ಹೊರಹಾಕಿ ಸಾರಿದನಂತೆ. ಇಡೀ ಪೇಟೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆ ಹೊತ್ತಿನಲ್ಲಿ, ನಿಂತ ಗಾಡಿಗಳ ನಡುವೆ, ಯಾರ ಗಮನಕ್ಕೂ ಬಾರದಂತೆ, ಒಂದು ಕಾಲನ್ನು ತುಸು ಎಳೆಯುತ್ತ ಒಬ್ಬ ಹೆಂಗಸು ರಸ್ತೆ ದಾಟಿದರು.

ಅವರೇ ಗುಂಡಿ ಅಕ್ಕ. ರಸ್ತೆಯ ಈ ಬದಿಯಲ್ಲಿ ಅವರದು ಗುಂಡಿ ಅಂಗಡಿ. ಅಂಗಿಗೆ ಹೊಲಿಯುವ ಗುಂಡಿಗಳು ಗಾಜಿನ ಡಬ್ಬಿಗಳಲ್ಲಿ ಬಣ್ಣಬಣ್ಣವಾಗಿ ಗೋಡೆ ತುಂಬಿರುತ್ತಿದ್ದವು. ತನ್ನ ಅಂಗಡಿಯ ಒಳಗಿನ ಗುಂಡಿಗಿಂತ ಹೊರಗಿನ ಗುಂಡಿಯೇ ಹೆಚ್ಚೆಂದು ನಗರ ಕಚೇರಿಯವರು ಯಾರೇ ಬಂದರೂ ಚುಚ್ಚುವುದು ಅವರ ರೂಢಿ. ಎದುರು ಬದಿಯಲ್ಲಿ ತಂಗಿಯ ಹೊಲಿಗೆ ಅಂಗಡಿ. ರಸ್ತೆ ಕಿರಿದಾಗಿದ್ದಾಗ ಮಧ್ಯಾಹ್ನದ ಟೀಗೆ ಅಕ್ಕ ಆ ಕಡೆ ಹೋಗಿ ತಂಗಿಯ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂರುವುದು, ಒಂದಷ್ಟು ಜಗಳ, ಒಂದಷ್ಟು ನಗು, ಮತ್ತೆ ತನ್ನ ಅಂಗಡಿಗೆ ವಾಪಸ್. ರಸ್ತೆ ಅಗಲವಾದ ಮೇಲೆ ಅಕ್ಕನ ಎಳೆದು ಹಾಕುವ ಕಾಲಿಗೆ ಅದು ಸಮುದ್ರವಾಯಿತು. ತಂಗಿಯೇ ಓಡಿ ಬಂದು ಓಡಿ ಹೋಗುವಳು. ಕೈ ಹಿಡಿದು ದಾಟಿಸುತ್ತೇನೆಂದರೆ ಅಕ್ಕ ಒಪ್ಪುವವರಲ್ಲ. ನಡೆಯಲು ಕಲಿಸಿದವಳನ್ನೇ ನಡೆಸಲು ಬರುತ್ತೀಯಾ ಎಂದು ತಂಗಿಯನ್ನು ಗದರುವರು. ಹೀಗೆ ತಂಗಿಯ ಅಂಗಡಿಯಲ್ಲಿ ಆ ಸ್ಟೂಲು ಖಾಲಿಯಾಗಿಯೇ ಉಳಿದಿತ್ತು.

ತಪ್ಪು ತಿದ್ದಲು ಬಣ್ಣದವನ ಜೊತೆ ಧಾವಿಸಿ ಬಂದ ಇಂಜಿನಿಯರಮ್ಮನವರು ಮುಖ ಎಲ್ಲಿ ಮುಚ್ಚಿಕೊಳ್ಳುವುದೆಂದು ತಿಳಿಯದೆ ನಿಂತಿದ್ದಾಗ, ಎದುರು ಬದಿಯಿಂದ ಗುಂಡಿ ಅಕ್ಕನೇ ಕೈ ಮಾಡಿ ಕರೆದರು.

"ಅದನ್ನ ಅಳಿಸಬೇಡಮ್ಮ," ಎಂದರು. "ಹಾಗೇ ಇರಲಿ ಬಿಡು. ಎಷ್ಟೋ ಕಾಲ ಆದಮೇಲೆ ಇವತ್ತು ನಾನೊಬ್ಬಳೇ ದಾಟಿ ಬಂದೆ."

ತಪ್ಪು ಬರಹವನ್ನು ಬಿಡಲಾಗದೆಂದು ಹುಡುಗಿ ತಡವರಿಸಿ ವಿವರಿಸಿದಳು. ಅಕ್ಕ ಸ್ಟೂಲಿನ ಮೇಲೆ ಕುಳಿತು ಟೀ ಲೋಟ ಹಿಡಿದಿದ್ದರು. ಆ ಮುಖದಲ್ಲಿದ್ದ ಸಂತೋಷ ಸಂಜೆಯೊಳಗೆ ತನ್ನ ಕೈಯಿಂದಲೇ ಅಳಿಸಿಹೋಗಲಿದೆ ಎಂಬುದು ಅವಳಿಗೆ ಆಗ ಹೊಳೆಯಿತು.

"ಇಳಿ ಹಾಕಿದ ಮೇಲೂ ನೀವು ದಾಟ್ತೀರಿ ಅಕ್ಕ," ಎಂದಳು. "ಯಾರ ಕೈನೂ ಹಿಡೀದೆ. ನಾನು ಮಾಡಿಕೊಡ್ತೀನಿ."

ಸಂಜೆ ಇಳಿ ಬಂತು, ನಿಧನ ಹೋಗಿ ನಿಧಾನವಾಯಿತು, ಗಾಡಿಗಳು ಎಂದಿನ ಓಟ ಹಿಡಿದವು. ಅಕ್ಕನನ್ನು ಈ ದಡಕ್ಕೆ ಮರಳಿ ತಲುಪಿಸಲು ಬಣ್ಣದವನು ಕೆಂಪು ಬಟ್ಟೆ ಬೀಸಿ ಗಾಡಿ ನಿಲ್ಲಿಸಬೇಕಾಯಿತು. ಮರುದಿನ ಮೇಲಧಿಕಾರಿಗಳು ಬಣ್ಣದವನನ್ನು ಮನೆಗೆ ಕಳಿಸಲು ಹೊರಟಾಗ, ತಗಡು ಮರೆತದ್ದು ಅವನಾದರೂ ನೋಡದೆ ಸಹಿ ಹಾಕಿದ್ದು ತಾನೆಂದು, ಶಿಕ್ಷೆ ಇದ್ದರೆ ಸಹಿಗೇ ಆಗಲೆಂದು ಆಕೆ ಪಟ್ಟು ಹಿಡಿದು ನಿಂತರು. ಅವನ ಕೆಲಸ ಉಳಿಯಿತು. ಅವರಿಗೆ ಸಿಕ್ಕ ಶಿಕ್ಷೆಯೆಂದರೆ 'ಇಳಿ ಮೇಡಂ' ಎಂಬ ಅಡ್ಡಹೆಸರು. ಮೊದಲು ಬೆನ್ನ ಹಿಂದೆ ನಗುವುದಕ್ಕೆ ಹುಟ್ಟಿದ ಆ ಹೆಸರು ಬರುಬರುತ್ತ ಎದುರಿಗೇ ಗೌರವದಿಂದ ಕರೆಯುವ ಹೆಸರಾದದ್ದು ಅವರ ಸೇವೆಯ ಕಥೆಯೇ ಸರಿ. ಕಾಲ್ನಡಿಗೆಯಲ್ಲಿ ಹೋಗಿ ನೋಡದೆ ಯಾವುದಕ್ಕೂ ಸಹಿ ಹಾಕಲಾರೆನೆಂಬ ವ್ರತ ಹಿಡಿದದ್ದೂ ಅಂದಿನಿಂದಲೇ.

ಕೊಟ್ಟ ಮಾತು ಮಾತ್ರ ಸುಲಭದಲ್ಲಿ ನಡೆಯಲಿಲ್ಲ. ಮೊದಲು ಬಿಳಿ ಪಟ್ಟೆ ಎಳೆಸಿದರು. ಗಾಡಿಗಳವರು ಅದನ್ನು ರಸ್ತೆಗೆ ಮಾಡಿದ ಅಲಂಕಾರವೆಂದು ತಿಳಿದು ಅದರ ಮೇಲೆಯೇ ಹಾರಿಹೋದರು. ಆಮೇಲೆ ಕಚೇರಿಯ ದೊಡ್ಡವರು ನಡೆಯುವವರಿಗೊಂದು ಮೇಲ್ಸೇತುವೆ ಕಟ್ಟಲು ಹೊರಟರು. ಮೆಟ್ಟಿಲು ಹತ್ತಲಾಗದವರಿಗೆ ಅದು ಸೇತುವೆಯಲ್ಲ, ಗೋಡೆ ಎಂದು ಇಳಿ ಮೇಡಂ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಸೇತುವೆ ಎದ್ದಿತು, ಮೇಡಂ ಬೀದಿದೀಪದ ವಿಭಾಗಕ್ಕೆ ವರ್ಗವಾದರು. ಉದ್ಘಾಟನೆಯ ದಿನ ಗುಂಡಿ ಅಕ್ಕ ಬಾಗಿಲಲ್ಲಿ ನಿಂತು ತಲೆಯೆತ್ತಿ ನೋಡಿ, ರಸ್ತೆ ದಾಟಲು ಮೇಲೆ ಹೋಗಬೇಕೆಂದರೆ ಹೇಗೆ, ಮೇಲಿನಿಂದ ಕರೆ ಬಂದಾಗ ಹೇಗೂ ಹೋಗುವುದೇ ಇದೆಯಲ್ಲ ಎಂದರಂತೆ. ಆ ಮಾತು ಕಚೇರಿಯ ತನಕ ಬಂದು, ಮೇಡಂ ದೀಪದ ಕಂಬಗಳ ನಡುವೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸೇತುವೆಯನ್ನು ಪಾರಿವಾಳಗಳು ಬಳಸಿಕೊಂಡವು.

ಬೀದಿದೀಪದ ವಿಭಾಗದಲ್ಲಿ ಕಳೆದ ವರ್ಷಗಳನ್ನು ಅವರು ವನವಾಸವೆಂದು ಎಂದೂ ಕರೆಯಲಿಲ್ಲ. ಅದುವರೆಗೆ ದೀಪಗಳು ರಸ್ತೆಯ ಕಡೆಗೇ ಮುಖ ಮಾಡಿದ್ದವು. ಪಾದಚಾರಿ ಮಾರ್ಗದ ಮೇಲೆ ಬೆಳಕು ಬೀಳುವ ಹಾಗೆ ಅವುಗಳ ಕುತ್ತಿಗೆ ತಿರುಗಿಸಿದವರು ಅವರೇ. ಸಂಜೆ ಪಾಳಿ ಮುಗಿಸಿ ನಡೆದುಬರುವ ದಾದಿಯರಿಗೆ ಚಪ್ಪಲಿಯ ಮುಂದಿನ ನೆಲ ಕಾಣತೊಡಗಿತು. ಬಿಸಿಲಲ್ಲಿ ಬಣ್ಣ ಬಳಿಯುವವರ ಅಂಗಾಲು ಸುಡುವುದನ್ನು ಕಂಡು ಆ ಕೆಲಸವನ್ನು ಬೆಳಗಿನ ತಂಪಿಗೆ ಬದಲಾಯಿಸಿದ್ದೂ ಅವರೇ. ಇದಾವುದಕ್ಕೂ ಅವರು ಸಮಾರಂಭ ಮಾಡಿಸಲಿಲ್ಲ.

ರಸ್ತೆ ವಿಭಾಗಕ್ಕೆ ಮರಳಿದ ಮೇಲೆ ಅವರು ರೂಢಿಗೆ ತಂದ ಒಂದು ಪದ್ಧತಿಯನ್ನು ಇಲ್ಲಿ ಹೇಳದೆ ಇರಲಾಗದು. ಹೊಸದಾಗಿ ಕೆಲಸಕ್ಕೆ ಸೇರಿದವರನ್ನೆಲ್ಲ ಪೇಟೆಗೆ ಕರೆದೊಯ್ದು, ಅಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಒಬ್ಬರನ್ನು ದೂರದಿಂದ ತೋರಿಸಿ, ಅವರನ್ನು ಹಿಂದೆ ಹಾಕದೆ, ಅವರಿಗೆ ತಿಳಿಯದ ಹಾಗೆ, ಅವರ ಹಿಂದೆಯೇ ನಡೆದುಬರಲು ಹೇಳುವರು. ಇನ್ನೊಬ್ಬರ ನಡಿಗೆಯಲ್ಲಿ ನಡೆದವರಿಗೆ ಮಾತ್ರ ರಸ್ತೆಯ ಎತ್ತರ ತಗ್ಗು ತಿಳಿಯುವುದೆಂಬುದು ಅವರ ನಂಬಿಕೆ. ವಾಪಸ್ ಬಂದವರನ್ನು ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ಅಲ್ಲಿ ಯಾರು ಕಾಣಲಿಲ್ಲ? ಯಾರು ದಾಟುತ್ತಿದ್ದಾರೆಂದು ಎಣಿಸುವುದು ಸುಲಭ. ದಾಟುವುದನ್ನೇ ಬಿಟ್ಟು ಮನೆಯಲ್ಲಿ ಕುಳಿತವರು ಯಾರ ಎಣಿಕೆಗೂ ಸಿಗುವುದಿಲ್ಲ. ಈ ಪ್ರಶ್ನೆಯಿಂದ ತಬ್ಬಿಬ್ಬಾದ ಕಿರಿಯರಲ್ಲಿ ಅನೇಕರು ಇಂದು ಅವರ ಗೌರವಕ್ಕೆಂದು ತಂದ ಈ ಅಭಿನಂದನಾ ಸಂಪುಟದ ಹಿಂದೆ ದುಡಿದಿದ್ದಾರೆ.

ಇತ್ತ ಪೇಟೆಯ ಅಕ್ಕತಂಗಿಯರಿಗೂ ವಯಸ್ಸಾಗುತ್ತಿತ್ತು. ಓಡಿ ಬರುತ್ತಿದ್ದ ತಂಗಿಯನ್ನು ಒಂದು ದಿನ ಸ್ಕೂಟರೊಂದು ತಾಕಿಕೊಂಡು ಹೋಯಿತು. ದೊಡ್ಡ ಪೆಟ್ಟಾಗದಿದ್ದರೂ ಅಂದಿನಿಂದ ಅವರಿಗೂ ರಸ್ತೆಯೆಂದರೆ ಎದೆ ಡವಡವ. ಎರಡು ಅಂಗಡಿಗಳ ಬಾಗಿಲಲ್ಲಿ ಇಬ್ಬರೂ ಫೋನು ಕಿವಿಗಿಟ್ಟು, ಒಬ್ಬರ ಮುಖ ಒಬ್ಬರು ನೋಡುತ್ತ ಮಾತಾಡುವರು. ಹೊಲಿಗೆಗೆ ಗುಂಡಿ ಬೇಕಾದರೆ ತಂಗಿ ಬಟ್ಟೆ ಎತ್ತಿ ಹಿಡಿಯುವುದು, ಅಕ್ಕ ಬಣ್ಣ ನೋಡಿ ಗಿರಾಕಿಯೊಬ್ಬರ ಕೈಯಲ್ಲಿ ಗುಂಡಿ ಕಳಿಸುವುದು. ಇಳಿ ಮೇಡಂ ತಿಂಗಳಿಗೊಮ್ಮೆಯಾದರೂ ಅಕ್ಕನ ಅಂಗಡಿಗೆ ಹೋಗುವರು, ಬೇಕಿರಲಿ ಬೇಡದಿರಲಿ ನಾಲ್ಕು ಗುಂಡಿ ಕೊಳ್ಳುವರು. ಮಾತು ಏನಾಯಿತೆಂದು ಅಕ್ಕ ಎಂದೂ ಕೇಳಲಿಲ್ಲ. ಮೇಡಂ ಅವರಿಗೆ ಆ ಕೇಳದಿರುವುದೇ ಕೇಳಿದ್ದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ವಿಭಾಗದ ಚುಕ್ಕಾಣಿ ಅವರ ಕೈಗೆ ಬಂದಾಗ, ಮೊದಲು ತೆಗೆದುಕೊಂಡದ್ದು ದೊಡ್ಡ ರಸ್ತೆಯನ್ನೇ. ಗಾಡಿ ಓಡುವ ಜಾಗವನ್ನು ಕಿರಿದು ಮಾಡುವುದು, ಎರಡು ಬದಿಯ ಕಾಲುದಾರಿಯನ್ನು ಅಗಲ ಮಾಡುವುದು, ನಡುವೆ ನಿಂತು ಉಸಿರು ತೆಗೆದುಕೊಳ್ಳಲು ಒಂದು ನಡುಗಡ್ಡೆ, ಜೊತೆಗೆ ನಡೆಯುವವರೇ ಗುಂಡಿ ಒತ್ತಿ ಗಾಡಿ ನಿಲ್ಲಿಸುವ ಸಿಗ್ನಲ್. ಸುದ್ದಿ ತಿಳಿದ ಕೂಡಲೇ ಅಂಗಡಿಯವರು ಎದ್ದು ಕುಳಿತರು. ಗಾಡಿ ನಿಲ್ಲಿಸಲು ಜಾಗವಿಲ್ಲದಿದ್ದರೆ ತನ್ನ ಅಂಗಡಿಗೆ ನೊಣವೂ ಬರುವುದಿಲ್ಲವೆಂದು ಪಾತ್ರೆ ಅಂಗಡಿಯ ಯಜಮಾನರು ಕಚೇರಿಗೇ ಬಂದು ಮೇಜು ಕುಟ್ಟಿದರು. ಮೇಡಂ ವಾದ ಮಾಡಲಿಲ್ಲ. ಖಾಲಿ ಡ್ರಮ್ಮುಗಳನ್ನು ಇಟ್ಟು ಹಗ್ಗ ಕಟ್ಟುತ್ತೇನೆ, ಮಳೆಗಾಲ ಬರುವವರೆಗೆ ನೋಡಿ, ನಷ್ಟವಾದರೆ ಹಗ್ಗ ಬಿಚ್ಚುವುದಕ್ಕೆ ನಾನೇ ಬರುತ್ತೇನೆ ಎಂದರು.

ಡ್ರಮ್ಮುಗಳ ಹಿಂದೆ ಪೇಟೆ ಮೆಲ್ಲಗೆ ಬದಲಾಯಿತು. ಮೊದಲು ಒಬ್ಬ ತಾಯಿ ಮಗುವಿನ ಕೈ ಬಿಟ್ಟಳು. ಮಗು ಹತ್ತು ಹೆಜ್ಜೆ ಓಡಿ ಹಿಂದಿರುಗಿ ನೋಡಿತು, ಯಾರೂ ಗದರಲಿಲ್ಲ. ಗಡಿಯಾರ ರಿಪೇರಿಯವರು ಒಳಗಿನ ಕತ್ತಲಿಂದ ಮೇಜನ್ನು ಬಾಗಿಲಿನ ಬೆಳಕಿಗೆ ತಂದರು. ಗಾಲಿಕುರ್ಚಿಯ ಮೇಷ್ಟ್ರು, ಇಷ್ಟು ದಿನ ಎಲ್ಲಿದ್ದರೋ, ಪುಸ್ತಕದ ಅಂಗಡಿಯ ಮುಂದೆ ದಿನವೂ ಕಾಣಿಸಿಕೊಂಡರು. ಮಳೆಗಾಲ ಬಂತು, ಹಗ್ಗ ಬಿಚ್ಚಲು ಯಾರೂ ಹೇಳಲಿಲ್ಲ. ನಿಂತ ಗಾಡಿಗಳ ಬದಲು ನಡೆಯುವ ಗಿರಾಕಿಗಳು ಬಾಗಿಲ ಮುಂದೆ ಸುಳಿದಾಡತೊಡಗಿದ ಮೇಲೆ ಪಾತ್ರೆ ಅಂಗಡಿಯ ಯಜಮಾನರೇ ಹೊರಗೆ ಒಂದು ಬೆಂಚು ಹಾಕಿಸಿದರು. ಅದು ಮೊದಲಿಂದಲೂ ತನ್ನದೇ ಆಲೋಚನೆ ಎಂದು ಅವರು ಈಗ ಹೇಳಿಕೊಳ್ಳುತ್ತಾರೆ; ಮೇಡಂ ತಲೆಯಾಡಿಸುತ್ತಾರೆ.

ಎಲ್ಲಕ್ಕಿಂತ ಮಿಗಿಲಾದದ್ದು ಒಂದು ಮಧ್ಯಾಹ್ನ ನಡೆಯಿತು. ಗಾಡಿಗಳ ವೇಗ ಇಳಿದಂತೆ ಅವುಗಳ ಸದ್ದೂ ಇಳಿದಿತ್ತು. ತಂಗಿ ತನ್ನ ಬಾಗಿಲಲ್ಲಿ ನಿಂತು, ಫೋನು ಎಲ್ಲೋ ಇಟ್ಟು ಮರೆತು, ಅಭ್ಯಾಸಬಲದಿಂದ "ಅಕ್ಕಾ" ಎಂದರು. ಈ ಬದಿಯಲ್ಲಿ ಡಬ್ಬಿ ಒರೆಸುತ್ತಿದ್ದ ಅಕ್ಕ "ಏನೇ" ಎಂದರು. ಇಬ್ಬರೂ ಕೈಯಲ್ಲಿ ಫೋನಿಲ್ಲದ್ದನ್ನು ನೋಡಿಕೊಂಡರು. ರಸ್ತೆಯ ಮೇಲಿನಿಂದ ಮಾತು ದಾಟಿತ್ತು. ಇನ್ನು ದಾಟಬೇಕಾದದ್ದು ಕಾಲು.

ಇಂಥವರು ನಿವೃತ್ತರಾದರೆಂದರೆ ನಂಬಲಾಗದು, ನಂಬಬೇಕಾಗಿಯೂ ಇಲ್ಲ. ಶಾಲೆಗಳ ಸುತ್ತಲಿನ ದಾರಿಗಳನ್ನು ಮಕ್ಕಳೊಂದಿಗೆ ನಡೆದು ನೋಡುವ ಕೆಲಸವನ್ನು ಅವರು ಈಗಾಗಲೇ ಹಮ್ಮಿಕೊಂಡಿದ್ದಾರೆ. ಹೊಸಬರನ್ನು ನಿಧಾನದವರ ಹಿಂದೆ ನಡೆಸುವ ಪಾಠವನ್ನೂ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ, ಅವರ ಮಾತು ಎಂಥದೆಂದು ಊರು ಬಲ್ಲದು. ಅವರ ಮುಂದಿನ ಹಾದಿ ಉದ್ದವಾಗಿರಲಿ, ನೆರಳಾಗಿರಲಿ, ಸಮತಟ್ಟಾಗಿರಲಿ. ಆಯುರಾರೋಗ್ಯವನ್ನು ಹಾರೈಸಲು ಬೇರೆ ಮಾತೇಕೆ? ಅವರು ಮೊದಲು ಬರೆಸಿದ ಎರಡು ಮಾತುಗಳನ್ನೇ, ಈ ಬಾರಿ ಇಳಿಯನ್ನು ಎಚ್ಚರದಿಂದ ಇಟ್ಟು, ಅವರಿಗೆ ಒಪ್ಪಿಸುತ್ತೇವೆ: ಮುಂದೆ ನಿಧಾನ.

ಆದರೆ ಕೊಟ್ಟ ಮಾತು ಸಲ್ಲದೆ ಕಥೆ ಮುಗಿಯುವ ಹಾಗಿಲ್ಲ. ಅವರ ಸೇವೆಯ ಕೊನೆಯ ವಾರ ದೊಡ್ಡ ರಸ್ತೆಯ ಕೆಲಸ ಮುಗಿಯಿತು. ಅಧಿಕಾರ ಒಪ್ಪಿಸುವ ಗಡಿಬಿಡಿ, ಮೇಜಿನ ತುಂಬ ಕಡತ. ನಡೆದು ನೋಡದೆ ಸಹಿ ಹಾಕದ ಕೈ, ಅಂದು ಒಂದೇ ಒಂದು ಸಲ, ಕುಳಿತಲ್ಲೇ ಸಹಿ ಹಾಕಿತು. ತಂಗಿಯ ಬದಿಯನ್ನು ಎಷ್ಟೋ ಸಲ ನಡೆದು ನೋಡಿದ್ದರು. ಅಕ್ಕನ ಬದಿಯದೂ ಹಾಗೆಯೇ ಇರುತ್ತದೆಂದುಕೊಂಡರು.

ಬೀಳ್ಕೊಡುಗೆಯ ಹಿಂದಿನ ದಿನ ಮೇಡಂ ಅಕ್ಕನನ್ನು ರಸ್ತೆ ದಾಟಿ ನೋಡಲು ಕರೆಯಹೋದರು. ಜೊತೆಗೆ ಅಂದಿನ ಬಣ್ಣದವನೂ ಇದ್ದ. ಈಗ ತಲೆ ನೆರೆತ ಮೇಸ್ತ್ರಿ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಸಿದ್ಧರಾಗಿದ್ದರು. ಸಿಗ್ನಲ್ ಕಂಬದ ಹತ್ತಿರ ಬಂದು, ಅದರ ಗುಂಡಿಯನ್ನು ಕಸುಬಿನವರ ಕಣ್ಣಿನಿಂದ ನೋಡಿ, ಇದೆಂಥ ಗುಂಡಿ, ದಾರ ಪೋಣಿಸಲು ತೂತೇ ಇಲ್ಲವಲ್ಲ ಎಂದು ಆಕ್ಷೇಪಿಸಿ, ಒತ್ತಿದರು. ಗಾಡಿಗಳು ಸಾಲಾಗಿ ನಿಂತವು. ಅಕ್ಕ ಅಂಚಿಗೆ ಬಂದು ಕಾಲು ಚಾಚಿದರು, ಹಿಂದೆಗೆದರು. ಮತ್ತೆ ಚಾಚಿದರು, ಮತ್ತೆ ಹಿಂದೆಗೆದರು. ಎದುರು ಬದಿಯಲ್ಲಿ ಅಂಚುಗಲ್ಲನ್ನು ಕಡಿದು ರಸ್ತೆಗೆ ಜಾರುವ ಹಾಗೆ ಮಾಡಿದ್ದರು. ಈ ಬದಿಯಲ್ಲಿ ಎತ್ತರದ ಕಲ್ಲನ್ನು ನೇರ ಹಾಸಿ ಹೋಗಿದ್ದರು. ಗಾಡಿಗಳು ಕಾದು ಕಾದು ಹೊರಟುಹೋದವು.

"ಎಲ್ಲಾ ಚೆನ್ನಾಗಿದೆ ಕಣಮ್ಮ," ಎಂದರು ಅಕ್ಕ. "ಇಳಿಯೋದು ಎಲ್ಲಿಂದ?"

ಮೇಡಂ ಬಗ್ಗಿ ಆ ಅಂಚನ್ನು ಗೇಣಿನಿಂದ ಅಳೆದರು. ಒಂದು ಜೀವಮಾನದ ಕೆಲಸ ಒಂದು ಗೇಣು ಕಲ್ಲಿನ ಮುಂದೆ ನಿಂತುಬಿಟ್ಟಿತ್ತು. ಮೇಸ್ತ್ರಿ ಎದುರು ಬದಿಯನ್ನೂ ಈ ಬದಿಯನ್ನೂ ನೋಡಿದ.

"ಮೇಡಂ," ಎಂದ, "ಮತ್ತೆ ಇಳಿ ಬಿಟ್ಟುಹೋಯ್ತು."

ಮೊದಲು ನಕ್ಕವರು ಅಕ್ಕ. ಆಮೇಲೆ ಮೇಸ್ತ್ರಿ. ಕೊನೆಗೆ ಮೇಡಂ, ಅದೇ ಕಲ್ಲಿನ ಮೇಲೆ ಕುಳಿತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ತಮ್ಮ ಅಡ್ಡಹೆಸರನ್ನು ಅವರಷ್ಟು ಚೆನ್ನಾಗಿ ಯಾರೂ ದುಡಿದು ಸಂಪಾದಿಸಿರಲಿಕ್ಕಿಲ್ಲ.

ಕಚೇರಿಯವರು, ಹೊಸ ಅಧಿಕಾರಿಗಳು ಬಂದ ಮೇಲೆ ನೋಡೋಣ, ಬಿಡಿ ಮೇಡಂ, ಎಂದರು. ಮೇಡಂ ಬಿಡಲಿಲ್ಲ. ಹಾಕಿದ ಸಹಿಯನ್ನು ತಾವೇ ಹೊಡೆದುಹಾಕಿ ಕೆಲಸ ಬಾಕಿಯಿದೆ ಎಂದು ಬರೆದರು. ಮರುದಿನ ಬೆಳಗಾಗುತ್ತಲೇ ಕಲ್ಲುಕುಟಿಗರು ಬಂದರು. ಮಧ್ಯಾಹ್ನದ ಹೊತ್ತಿಗೆ ಬೀಳ್ಕೊಡುಗೆಯ ಸಭೆಯಲ್ಲಿ ಕುರ್ಚಿಗಳೆಲ್ಲ ತುಂಬಿ, ಮೈಕು ಪರೀಕ್ಷೆಯಾಗಿ, ಸನ್ಮಾನಿತರ ಕುರ್ಚಿ ಒಂದೇ ಖಾಲಿ ಇದ್ದಾಗ, ಸನ್ಮಾನಿತರು ದೊಡ್ಡ ರಸ್ತೆಯಲ್ಲಿ ಮಂಡಿಯೂರಿ, ಹಸಿ ಸಿಮೆಂಟಿನ ಪಕ್ಕದ ಗಟ್ಟಿ ಕಲ್ಲಿನ ಇಳಿಜಾರನ್ನು ಅಂಗೈಯಿಂದ ಸವರಿ ನೋಡುತ್ತಿದ್ದರು. ಎದ್ದು, ಒಮ್ಮೆ ತಾವೇ ಇಳಿದರು, ಹತ್ತಿದರು. ಆಮೇಲೆ ಪಕ್ಕಕ್ಕೆ ಸರಿದರು.

ಅಕ್ಕ ತೂತಿಲ್ಲದ ಗುಂಡಿ ಒತ್ತಿದರು. ಗಾಡಿಗಳು ನಿಂತವು. ಎಳೆದು ಹಾಕುವ ಕಾಲು ಕಲ್ಲಿನ ಮೇಲೆ ತಾನಾಗಿ ಜಾರಿಕೊಂಡು ರಸ್ತೆಗೆ ಬಂತು. ನೆರವಿಗೆ ಚಾಚಿದ್ದ ಮೇಸ್ತ್ರಿಯ ಕೈಯನ್ನು ಮೇಡಂ ಹಿಡಿದು ಹಿಂದಕ್ಕೆ ಎಳೆದುಕೊಂಡರು. ನಡುಗಡ್ಡೆಯಲ್ಲಿ ಅಕ್ಕ ನಿಂತರು, ಸೆರಗು ಸರಿಮಾಡಿಕೊಂಡರು, ಹಿಂದಿರುಗಿ ತನ್ನ ಅಂಗಡಿಯನ್ನು ಇಷ್ಟು ದೂರದಿಂದ ನೋಡಿದ್ದೇ ಇಲ್ಲವೇನೋ ಎಂಬಂತೆ ನೋಡಿದರು. ಆ ಬದಿಯ ಬಾಗಿಲಲ್ಲಿ ತಂಗಿ, ಓಡಿ ಬರದಂತೆ ತನ್ನನ್ನು ತಾನೇ ತಡೆಯಲು, ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಅಕ್ಕ ಮತ್ತೆ ಹೆಜ್ಜೆ ಹಾಕಿದರು. ಆ ದಡ ಮುಟ್ಟಿದರು, ಇಳಿಜಾರು ಹತ್ತಿದರು, ಅಂಗಡಿಯೊಳಗೆ ಹೋಗಿ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕುಳಿತರು.

"ಎಷ್ಟು ಹೊತ್ತೇ ನಿಂದು," ಎಂದರು ತಂಗಿ. "ಟೀ ಆರಿಹೋಯ್ತು."

"ನಿಧಾನ ಅಂತ ಬರೆದಿದ್ದಾರಲ್ಲ," ಎಂದರು ಅಕ್ಕ. "ಓದೋಕೆ ಬರಲ್ವಾ ನಿಂಗೆ?"